ಅಮಿಶ್ ಸೀಮೆಯಲ್ಲಿ ಸೀಸನ್ ಪೂರ್ತಿ ಸೈಟ್ ಹಿಡಿಯುವ ಮುಂಚೆ ನಮ್ಮ ಪಾಡು ಕೇಳಿ

ಅಮೆರಿಕದ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿ ಅಮಿಶರ ಸೀಮೆ. ಕಾರು, ಕರೆಂಟ್ ಲೈನ್ ದೂರವಿಟ್ಟು ಹಳೇ ಕಾಲದ ಹಾಗೆ ಬದುಕುವ ಕ್ರೈಸ್ತ ಪಂಗಡದವರು ಅವರು. ಅಲ್ಲಿ ಆರ್‌ವಿ, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಂಡು ಇರಬಹುದಾದ ಗಾಡಿ, ನಿಲ್ಲಿಸಲು ಸೀಸನಲ್ ಸೈಟ್ (ಸೀಸನ್ ಪೂರ್ತಿ ಬಾಡಿಗೆಗೆ ಸಿಗುವ ಜಾಗ) ಹುಡುಕುತ್ತಿದ್ದೀರಾ? ಮುಂಗಡ ಕೊಡುವ ಮುಂಚೆ ಇದನ್ನು ಓದಿಬಿಡಿ. ನಮಗೆ ಜಾಗ ಬಾಡಿಗೆಗೆ ಕೊಟ್ಟ ಕ್ಯಾಂಪ್‌ಗ್ರೌಂಡಿನ ಹೆಸರು ಹೇಳುವುದಿಲ್ಲ. ನಾವು ಎಲ್ಲೆಲ್ಲಿ ಎಡವಿದೆವು ಅನ್ನುವುದು ನಿಮಗೆ ಹೆಸರಿಗಿಂತ ಜಾಸ್ತಿ ಉಪಯೋಗ.

ನಾವಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ನನ್ನ ಬಾಣಂತನಕ್ಕೆ ಹಾಸನದ ಕಡೆಯಿಂದ ಅಪ್ಪ ಅಮ್ಮ ಬರುವವರಿದ್ದರು. ಹೋದ ಸಲ ಬಂದಾಗ ಅಪ್ಪ ಬಾಲ್ಕನಿಯಲ್ಲಿ ಕೂತು ಪಾರ್ಕಿಂಗ್‌ನಲ್ಲಿದ್ದ ಕಾರು ಎಣಿಸುತ್ತಿದ್ದರು. ಈ ಸಲ ಹಾಗಾಗಬಾರದು ಅಂತ ನನ್ನ ಹಟ. ಗಾಡಿಯ ಹಿಂದೆ ಕಟ್ಟಿ ಎಳೆಯುವ ಅಂಥದೇ ಹಳೇ ಟ್ರೇಲರ್ ಒಂದು ಮನೆಯಲ್ಲಿತ್ತು. ಲ್ಯಾಂಕಾಸ್ಟರ್ ಎರಡೂವರೆ ಗಂಟೆ ದಾರಿ. ಏಪ್ರಿಲ್ ಮಧ್ಯದಿಂದ ಅಕ್ಟೋಬರ್ ಕೊನೆಯವರೆಗೆ ಅಲ್ಲೇ ನಿಲ್ಲಿಸಿದರೆ ಬೇಕಾದಾಗ ಹೋಗಬಹುದು, ಅಪ್ಪ ಹೊಲ, ಹಸು ನೋಡಿಕೊಂಡು ಇರಬಹುದು ಅಂದುಕೊಂಡೆವು.

ಸೈಟ್ ನೋಡಲು ಹೋಗಿದ್ದು ಅಕ್ಟೋಬರ್‌ನ ಒಂದು ಶನಿವಾರ ಮಧ್ಯಾಹ್ನ. ಅಲ್ಲಿಯ ಸ್ಟ್ರಾಸ್‌ಬರ್ಗ್ ಊರಿನ ಉಗಿಬಂಡಿ ದೂರದಲ್ಲಿ ಕೂಗಿತು. ಪಕ್ಕದ ಹೊಲದಲ್ಲಿ ಹೇಸರಗತ್ತೆ ಕಟ್ಟಿ ಮೆಕ್ಕೆಜೋಳ ಕಟಾವು ಮಾಡುತ್ತಿದ್ದರು. ಬೂದು ಬಣ್ಣದ ಕುದುರೆಗಾಡಿಯೊಂದು ಟಕಟಕ ಅಂತ ಹೋಯಿತು. ಅಷ್ಟಕ್ಕೇ ನಾವು ಮರುಳಾದೆವು. ಇಪ್ಪತ್ತು ನಿಮಿಷದಲ್ಲಿ ಸಹಿ ಹಾಕಿ ಅರ್ಧ ದುಡ್ಡು ಕಟ್ಟಿ ಬಂದೆವು.

ಏಪ್ರಿಲ್‌ನ ಮೊದಲ ರಾತ್ರಿ ಕಿಟಕಿ ತೆಗೆದರೆ ಕಣ್ಣು ಉರಿಯುವಂಥ ನಾತ. ಅಪ್ಪ ಮೂಗು ಮುಚ್ಚಿಕೊಂಡು, "ಇದು ಗೊಬ್ಬರ ಅಲ್ಲ ಕಣಮ್ಮ, ಬೇರೆ ಏನೋ" ಅಂದರು. ಊರಲ್ಲಿ ತಿಪ್ಪೆಯ ಗೊಬ್ಬರ ತಿಂಗಳುಗಟ್ಟಲೆ ಕೊಳೆತು ಮಣ್ಣಿನ ಹಾಗಾಗಿರುತ್ತದೆ. ಇಲ್ಲಿ ಸಗಣಿ, ಗಂಜಲ ಎಲ್ಲ ಚಳಿಗಾಲದಲ್ಲಿ ಗುಂಡಿಗೆ ತುಂಬಿಟ್ಟು, ವಸಂತ ಬಂದಾಗ ನೀರುನೀರಾಗಿಯೇ ಹೊಲಕ್ಕೆ ಚೆಲ್ಲುತ್ತಾರೆ. ಬೆಳಗಿನ ಜಾವ ನಾಲ್ಕೂವರೆಗೆ ಕೊಟ್ಟಿಗೆಯಿಂದ ಡೀಸೆಲ್ ಎಂಜಿನ್ ಸದ್ದು. ಅಮಿಶರು ಕರೆಂಟ್ ಲೈನ್ ಎಳೆಸಿಕೊಳ್ಳುವುದಿಲ್ಲ, ಆದರೆ ಹಾಲು ತಣ್ಣಗಿಡಲು ಎಂಜಿನ್ ಓಡಿಸಬೇಕಲ್ವಾ? ಇದಕ್ಕೆ ದೂರು ಕೊಡಲು ಹೋಗಬೇಡಿ. 1982ರಿಂದ ಪೆನ್ಸಿಲ್ವೇನಿಯಾದಲ್ಲಿ ರೈತರನ್ನು ಇಂಥ ದಾವೆಗಳಿಂದ ಕಾಯಲು ಕಾನೂನೇ ಇದೆ. ನನಗೂ ಅದು ಸರಿ ಅನಿಸುತ್ತದೆ. ಅದು ಅವರ ಊರು, ಅವರ ದುಡಿಮೆ. ಸುಮ್ನೆ ಹೋಗಿ ಪಕ್ಕದಲ್ಲಿ ಕೂತವರು ನಾವು. ಆ ರೈತನ ಮನೆಯವರು ರಸ್ತೆ ಬದಿ ಡಬ್ಬಿಯಿಟ್ಟು ಮೊಟ್ಟೆ ಮಾರುತ್ತಿದ್ದರು, ಭಾನುವಾರ ಬಿಟ್ಟು. ಅವರಿಂದ ನಮಗೆ ಒಂದು ದಿನವೂ ತೊಂದರೆಯಾಗಲಿಲ್ಲ.

ತೊಂದರೆ ಶುರುವಾಗಿದ್ದು ಕ್ಯಾಂಪ್‌ಗ್ರೌಂಡಿನ ಆಫೀಸಿನಿಂದ.

ಮೊದಲ ವಾರದ ಕೊನೆಗೆ ಒಂದು ಬಿಲ್ ಬಂತು. ಸೀಸನ್ ದುಡ್ಡಿನಲ್ಲಿ ಸೇರುವುದು ಇಬ್ಬರು ದೊಡ್ಡವರು ಮತ್ತು ಅವರ ಮಕ್ಕಳು ಮಾತ್ರವಂತೆ. ಅಪ್ಪ ಅಮ್ಮ ಅವರ ಲೆಕ್ಕದಲ್ಲಿ ನೆಂಟರು. ರಾತ್ರಿಗೆ ತಲಾ 8 ಡಾಲರ್. "ನಮ್ಮ ಮಗಳ ಮನೇಲಿ ಮಲಗೋಕೂ ಬಾಡಿಗೆನಾ?" ಅಂತ ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕರಾರು ತೆಗೆದು ನೋಡಿದರೆ ನಾಲ್ಕನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು. ಮೋಸ ಅನ್ನೋ ಹಾಗಿಲ್ಲ. ಆದರೆ ಅಕ್ಟೋಬರ್‌ನಲ್ಲಿ "ಅಪ್ಪ ಅಮ್ಮನಿಗೋಸ್ಕರವೇ ತಗೊಳ್ತಿರೋದು" ಅಂತ ನಾನು ಬಾಯಿಬಿಟ್ಟು ಹೇಳಿದ್ದೆ. ಆಗ ನಗುತ್ತಾ ತಲೆಯಾಡಿಸಿದ್ದರು.

ಆಮೇಲೆ ಕೊಳೆನೀರು. ನಮ್ಮ ಸೈಟಿಗೆ ನೀರು, ಕರೆಂಟ್ ಎರಡೇ ಇದ್ದಿದ್ದು, ಚರಂಡಿ ಸಂಪರ್ಕ ಇರಲಿಲ್ಲ. ಫುಲ್ ಹುಕಪ್ (ಈ ಮೂರೂ ಸಂಪರ್ಕ) ಇದೆಯಾ ಅಂತ ನಾವು ಕೇಳಿರಲೇ ಇಲ್ಲ. ವಾರಕ್ಕೊಮ್ಮೆ ಗಾಡಿ ಬಂದು ಟ್ಯಾಂಕ್ ಖಾಲಿ ಮಾಡುತ್ತದೆ. ಅದಕ್ಕೆ ಹನಿ ವ್ಯಾಗನ್ ಅಂತ ಹೆಸರು. ನಮ್ಮ ಹನಿ ಅಲ್ಲ, ಇಂಗ್ಲಿಷಿನ ಜೇನು! ನಮ್ಮ ಟ್ರೇಲರಿನ ಬಚ್ಚಲುನೀರಿನ ಟ್ಯಾಂಕ್ 30 ಗ್ಯಾಲನ್, ಅಂದರೆ ಸುಮಾರು 114 ಲೀಟರ್. ಬಾಣಂತಿ ಸ್ನಾನ, ಕೂಸಿನ ಸ್ನಾನ, ಕುಕ್ಕರ್, ಇಡ್ಲಿ ಪಾತ್ರೆ. ಮೊದಲ ಸಂಜೆಗೇ ತುಂಬಿತು. ಹೆಚ್ಚಿಗೆ ಒಂದು ಸಲ ಗಾಡಿ ಕರೆದರೆ 25 ಡಾಲರ್.

ಕರೆಂಟಿನ ಕಥೆ ಜುಲೈಯಲ್ಲಿ. ನಮ್ಮದು 30 ಆಂಪ್ ಕಂಬ, 120 ವೋಲ್ಟ್. ಗುಣಿಸಿದರೆ 3,600 ವಾಟ್, ಅಷ್ಟೇ. ಎಸಿ ಓಡುವಾಗ ಇಂಡಕ್ಷನ್ ಒಲೆ ಹಚ್ಚಿ, ಅಮ್ಮ ಮರೆತು ನೀರಿನ ಕೆಟಲ್ ಹಾಕಿದರೆ ಬ್ರೇಕರ್ ಬೀಳುತ್ತಿತ್ತು. ಇದು ನಮ್ಮ ತಪ್ಪು, ಒಪ್ಪುತ್ತೇನೆ. ಆದರೆ ಬಿಸಿಲು ಏರಿ ಸಾಲಿನ ಎಲ್ಲರೂ ಎಸಿ ಹಾಕಿದ ಮಧ್ಯಾಹ್ನ, ನಮ್ಮಲ್ಲಿ ಬೇರೇನೂ ಓಡದೇ ಇದ್ದಾಗಲೂ ಎಸಿ ಗುಂಯ್‌ಗುಟ್ಟಿ ನಿಂತಿತು. ನಮ್ಮವರು ಮಲ್ಟಿಮೀಟರ್ ಹಿಡಿದರು. 101 ವೋಲ್ಟ್! ವೋಲ್ಟೇಜ್ ಇಷ್ಟು ಕುಸಿದರೆ ಕಂಪ್ರೆಸರ್ ಜಾಸ್ತಿ ಕರೆಂಟ್ ಎಳೆದು ಬಿಸಿಯಾಗಿ ಸುಡುತ್ತದೆ. ನಮ್ಮದು ಸುಟ್ಟೇ ಹೋಯಿತು. ಆಫೀಸಿನಲ್ಲಿ ಹೇಳಿದರೆ, "ಬೇರೆ ಯಾರೂ ದೂರು ಕೊಟ್ಟಿಲ್ಲ" ಅಂದರು. ಎರಡು ಸೈಟ್ ಆಚೆ ಇದ್ದ ವಯಸ್ಸಾದವರು ನಕ್ಕುಬಿಟ್ಟರು. ಅವರು ಹೋದ ವರ್ಷವೇ ಎಸಿ ಬದಲಾಯಿಸಿದ್ದರಂತೆ. ವೋಲ್ಟೇಜ್ ಬಿದ್ದರೆ ತಾನೇ ಕರೆಂಟ್ ಕಡಿಯುವ ಸಾಧನ ಅಂಗಡಿಯಲ್ಲಿ ಸಿಗುತ್ತದೆ. ಅದಿಲ್ಲದೆ ಕಂಬಕ್ಕೆ ತಂತಿ ಸಿಕ್ಕಿಸಬೇಡಿ.

ಇಷ್ಟನ್ನೂ ದುಡ್ಡು ಹೋಯಿತು ಅಂತ ಮರೆಯಬಹುದು. ನನಗೆ ಇವತ್ತಿಗೂ ಮೈ ಜುಂ ಅನ್ನಿಸುವುದು ನೀರಿನ ವಿಷಯ.

ಲ್ಯಾಂಕಾಸ್ಟರ್‌ನ ಬಹಳಷ್ಟು ಭಾಗ ಸುಣ್ಣಕಲ್ಲಿನ ನೆಲ. ಮೇಲೆ ಚೆಲ್ಲಿದ್ದು ಬಿರುಕಿನಲ್ಲಿ ಬೇಗ ಕೆಳಗಿಳಿಯುತ್ತದೆ. ಅಷ್ಟು ಗೊಬ್ಬರ ಬೀಳುವ ಕಡೆ ಬಾವಿ ನೀರಿನಲ್ಲಿ ನೈಟ್ರೇಟ್, ಅಂದರೆ ಗೊಬ್ಬರದಿಂದ ಬರುವ ಲವಣ, ಜಾಸ್ತಿ ಇರುವುದು ಅಲ್ಲಿಯವರಿಗೆ ಹಳೇ ಸುದ್ದಿ. ಅಮೆರಿಕದಲ್ಲಿ ಕುಡಿಯುವ ನೀರಿಗೆ ಇದರ ಮಿತಿ ನೈಟ್ರೋಜನ್ ಲೆಕ್ಕದಲ್ಲಿ ಲೀಟರಿಗೆ 10 ಮಿಲಿಗ್ರಾಂ. ಅದನ್ನು ಮೀರಿದ ನೀರನ್ನು ಆರು ತಿಂಗಳೊಳಗಿನ ಕೂಸಿಗೆ ಕೊಡಲೇಬಾರದು. ರಕ್ತ ಆಮ್ಲಜನಕ ಒಯ್ಯುವುದು ಕಡಿಮೆಯಾಗಿ ಮಗು ನೀಲಿಗಟ್ಟಬಹುದು. ನನ್ನ ಮಗಳಿಗೆ ಆಗ ನಾಲ್ಕು ತಿಂಗಳು. ಹಾಲು ಸಾಲದೆ ಫಾರ್ಮುಲಾ ಕೂಡ ಕೊಡುತ್ತಿದ್ದೆವು, ಅದೇ ನಲ್ಲಿ ನೀರಿನಲ್ಲಿ ಕಲಸಿ.

ಅಮ್ಮ ನಮ್ಮೂರ ಅಭ್ಯಾಸದಂತೆ ನೀರನ್ನು ಚೆನ್ನಾಗಿ ಕುದಿಸುತ್ತಿದ್ದರು. ಕುದಿಸಿದರೆ ಕ್ರಿಮಿ ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಇನ್ನೂ ಗಟ್ಟಿಯಾಗುತ್ತದೆ. ನಮಗೆ ಗೊತ್ತೇ ಇರಲಿಲ್ಲ. ಎಸಿ ಸುಟ್ಟ ವಾರ ಬಟ್ಟೆ ಒಗೆಯುವ ಕೋಣೆಗೆ ಹೋದಾಗ, ಸೋಪು ಮಾರುವ ಯಂತ್ರದ ಹಿಂದೆ ಅರ್ಧ ಮುಚ್ಚಿದ್ದ ಒಂದು ನೋಟಿಸ್ ಕಂಡೆ. ನೈಟ್ರೇಟ್ ಮಿತಿ ಮೀರಿದೆ, ಕೂಸುಗಳಿಗೆ ಕೊಡಬೇಡಿ ಅಂತ. ದಿನಾಂಕ ಮೇ ತಿಂಗಳದ್ದು. ನಾನು ಕೂಸನ್ನು ಎತ್ತಿಕೊಂಡು ದಿನಾ ಆ ಆಫೀಸಿನ ಮುಂದೆ ಓಡಾಡುತ್ತಿದ್ದೆ. ಒಬ್ಬರಾದರೂ ಬಾಯಿ ಬಿಡಲಿಲ್ಲ.

ಅವತ್ತೇ ರಾತ್ರಿ ಎಡಿಸನ್‌ಗೆ ವಾಪಸ್ ಬಂದೆವು. ಡಾಕ್ಟರ್ ನೋಡಿ ಮಗು ಚೆನ್ನಾಗಿದೆ ಅಂದರು. ದಾರಿಯುದ್ದಕ್ಕೂ ಕಾರಿನ ದೀಪ ಹಾಕಿಕೊಂಡು ಅವಳ ತುಟಿಯ ಬಣ್ಣವನ್ನೇ ನೋಡುತ್ತಾ ಬಂದಿದ್ದೆ.

ಸ್ವಂತ ಬಾವಿಯಿಂದ ಇಷ್ಟೊಂದು ಜನಕ್ಕೆ ನೀರು ಕೊಡುವ ಕ್ಯಾಂಪ್‌ಗ್ರೌಂಡ್ ವರ್ಷಕ್ಕೊಮ್ಮೆಯಾದರೂ ನೈಟ್ರೇಟ್ ಪರೀಕ್ಷೆ ಮಾಡಿಸಲೇಬೇಕು. ಫಲಿತಾಂಶವನ್ನು ರಾಜ್ಯದ ಪರಿಸರ ಇಲಾಖೆಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ನಾನು ಅದನ್ನು ನೋಡಿದ್ದು ಆಗಸ್ಟ್‌ನಲ್ಲಿ. ಅಕ್ಟೋಬರ್‌ನಲ್ಲೇ ನೋಡಬಹುದಿತ್ತು. ಸಾಲಿನಲ್ಲಿ ಐದು ವರ್ಷದಿಂದ ಇರುವವರ ಹತ್ತಿರ ಒಂದು ಲೋಟ ಕಾಫಿ ಕುಡಿಯುತ್ತಾ ವಿಚಾರಿಸಿದ್ದರೂ ಸಾಕಿತ್ತು. ಅಥವಾ ಸಹಿ ಹಾಕುವ ಬದಲು ಜುಲೈಯಲ್ಲಿ ಒಂದು ವಾರ ಬಾಡಿಗೆ ಕೊಟ್ಟು ಇದ್ದು ನೋಡಬಹುದಿತ್ತು.

ಉಳಿದ ಮೂರು ತಿಂಗಳ ದುಡ್ಡು ವಾಪಸ್ ಕೇಳಿದೆವು. ಮತ್ತೆ ಅದೇ ನಾಲ್ಕನೇ ಪುಟ ತೋರಿಸಿದರು. ಟ್ರೇಲರ್ ಎಳೆದುಕೊಂಡು ಬಂದೆವು. ಅಪ್ಪ ಕೂರಲಿ ಅಂತ 900 ಡಾಲರ್ ಕೊಟ್ಟು ಮಾಡಿಸಿದ ಮರದ ಜಗಲಿ ಮಾತ್ರ ಅಲ್ಲೇ ಇದೆ. ಅದನ್ನು ಬಿಚ್ಚಿಕೊಂಡು ಹೋಗುವ ಹಾಗಿಲ್ಲ ಅನ್ನುವುದೂ ಕರಾರಿನಲ್ಲಿತ್ತು, ಐದನೇ ಪುಟದಲ್ಲಿ.