ಒಂದೇ ವಿಟೆಕ್ ಎಂಜಿನ್, ಮೂರು ಬಗೆಯ ಪಿಸ್ಟನ್: ಸದ್ದು ಯಾವುದರದ್ದು ಎಷ್ಟು?

ಫೋರ್ಜ್ಡ್ (ಲೋಹವನ್ನು ಕಾಯಿಸಿ ಒತ್ತಿ ರೂಪಿಸಿದ) ಪಿಸ್ಟನ್ ಹಾಕಿಸಿದರೆ ಎಂಜಿನ್ ಕಟಕಟ ಬಡಿಯುತ್ತದೆ ಎಂದು ಗ್ಯಾರೇಜುಗಳಲ್ಲಿ ಸಾರಾಸಗಟಾಗಿ ಹೇಳಿಬಿಡುತ್ತಾರೆ. ಯಾವ ಮಿಶ್ರಲೋಹ, ಸಿಲಿಂಡರಿನ ಗೋಡೆಗೂ ಪಿಸ್ಟನ್‌ಗೂ ಎಷ್ಟು ಕ್ಲಿಯರೆನ್ಸ್ (ಸಂದು) ಎಂದು ಕೇಳುವವರು ಕಡಿಮೆ. ಹೋಂಡಾ ಸಿಟಿಯ ಹಳೆಯ 1.5 ವಿಟೆಕ್ ಎಂಜಿನ್‌ನಲ್ಲಿ ನಾನು ಮೂರು ಬಗೆಯನ್ನೂ ಓಡಿಸಿ ನೋಡಿದ್ದೇನೆ: ಕಂಪನಿಯಿಂದಲೇ ಬಂದ ಎರಕದ ಪಿಸ್ಟನ್, ಆಮೇಲೆ ನನ್ನ ಕಾರಿಗೇ ಹಾಕಿಸಿದ 4032 ಫೋರ್ಜ್ಡ್, ಗೆಳೆಯನ ಟರ್ಬೊ ಸಿಟಿಯಲ್ಲಿರುವ 2618 ಫೋರ್ಜ್ಡ್ (ಈ ಸಂಖ್ಯೆಗಳು ಎರಡು ಅಲ್ಯೂಮಿನಿಯಂ ಮಿಶ್ರಲೋಹಗಳ ಹೆಸರು). ಎರಡೂ ಬ್ಲಾಕುಗಳ ಬೋರಿಂಗ್, ಹೋನಿಂಗ್ (ಸಿಲಿಂಡರನ್ನು ಕೊರೆದು ಉಜ್ಜಿ ಅಳತೆಗೆ ತರುವ ಕೆಲಸ) ನಡೆದದ್ದು ಪೀಣ್ಯದ ಒಂದೇ ಅಂಗಡಿಯಲ್ಲಿ. ಹಾಗಾಗಿ ಕೆಲಸದ ಗುಣಮಟ್ಟವನ್ನು ದೂರುವಂತಿಲ್ಲ.

ಎರಕದ ಪಿಸ್ಟನ್ ಬಗ್ಗೆ ಹೇಳುವುದು ಹೆಚ್ಚಿಲ್ಲ. ಕ್ಲಿಯರೆನ್ಸ್ ಒಂದು ಮಿಲಿಮೀಟರಿನ ನೂರನೇ ಒಂದೆರಡು ಭಾಗಗಳಷ್ಟು. ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಗಡ್ಜನ್ ಪಿನ್ನನ್ನು ನಡುವಿನಿಂದ ಕೂದಲೆಳೆಯಷ್ಟು ಪಕ್ಕಕ್ಕೆ ಕೂರಿಸಿರುತ್ತಾರೆ. ಹೀಗಾಗಿ ಪಿಸ್ಟನ್ ಒಂದು ಗೋಡೆಯಿಂದ ಇನ್ನೊಂದಕ್ಕೆ ವಾಲುವಾಗ ಅಪ್ಪಳಿಸದೆ ಮೆಲ್ಲನೆ ಒರಗುತ್ತದೆ. ಚಳಿಗಾಲದ ಬೆಳಗ್ಗೆಯೂ ಸದ್ದಿಲ್ಲ. 106 ಅಶ್ವಶಕ್ತಿ ಸಾಕು ಎನ್ನುವವರು ಇದನ್ನು ಮುಟ್ಟಲೇಬಾರದು. ಆದರೆ ಟರ್ಬೊ ಒತ್ತಡದಲ್ಲಿ ಡೆಟೊನೇಶನ್ (ಇಂಧನ ಮಿಶ್ರಣ ತಾನಾಗಿಯೇ ಸಿಡಿಯುವುದು) ಶುರುವಾದರೆ ರಿಂಗುಗಳ ನಡುವಿನ ಅಂಚು ಬಿಸ್ಕತ್ತಿನಂತೆ ಮುರಿಯುತ್ತದೆ.

4032ರಲ್ಲಿ ಸುಮಾರು ಶೇ 12ರಷ್ಟು ಸಿಲಿಕಾನ್ ಇರುತ್ತದೆ. 2618ರಲ್ಲಿ ಅದು ಹೆಸರಿಗಷ್ಟೇ, ಬದಲಿಗೆ ತಾಮ್ರ, ಮೆಗ್ನೀಸಿಯಂ, ನಿಕ್ಕಲ್. ಸಿಲಿಕಾನ್ ಹೆಚ್ಚಿದಷ್ಟೂ ಕಾದಾಗ ಹಿಗ್ಗುವುದು ಕಡಿಮೆ. 75 ಮಿ.ಮೀ. ಬೋರಿಗೆ (ಸಿಲಿಂಡರಿನ ವ್ಯಾಸಕ್ಕೆ) ಲೆಕ್ಕ ಹಾಕಿದರೆ, ನೂರು ಡಿಗ್ರಿ ಏರಿದಾಗ 2618 ಸುಮಾರು 0.17 ಮಿ.ಮೀ. ಹಿಗ್ಗುತ್ತದೆ, 4032 ಸುಮಾರು 0.145. ಆ 0.02 ಚಿಲ್ಲರೆಯನ್ನು ತಣ್ಣಗಿರುವಾಗಲೇ ಬಿಟ್ಟುಕೊಡಬೇಕು. ನಮ್ಮ ಕಾರುಗಳಲ್ಲಿ 4032ಕ್ಕೆ 0.05, 2618ಕ್ಕೆ 0.075 ಮಿ.ಮೀ. ಬಿಟ್ಟದ್ದು ಈ ಕಾರಣಕ್ಕೆ. ಸದ್ದಿನ ಕಥೆಯೆಲ್ಲ ಈ ಎರಡು ಅಂಕಿಗಳಲ್ಲೇ ಅಡಗಿದೆ.

ನನ್ನ 4032 ಬೆಂಗಳೂರಿನ ಬೆಳಗಿನಲ್ಲಿ ತುಸು ಟಕಟಕ ಎನ್ನುತ್ತದೆ, ಟ್ಯಾಪೆಟ್ ಸಡಿಲವಾಗಿದೆಯೇನೋ ಎನ್ನುವಷ್ಟು. ಕೆಮ್ಮಣ್ಣುಗುಂಡಿಯ ಚಳಿಯಲ್ಲಿ ಅದೇ ಸದ್ದು ಇನ್ನಷ್ಟು ಎದ್ದು ಕೇಳಿಸಿತು. ಉಷ್ಣತೆಯ ಮುಳ್ಳು ಮೇಲೇಳುವ ಹೊತ್ತಿಗೆ ಪೂರ್ತಿ ಮಾಯ. ಗೆಳೆಯನ ಕಾರಿನದು ಬೇರೆಯೇ ದರ್ಜೆ: ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಸ್ಟಾರ್ಟ್ ಮಾಡಿದರೆ ಕಾವಲುಗಾರ ತಿರುಗಿ ನೋಡುತ್ತಾನೆ. ಪಿನ್ ಸರಿಯಾಗಿ ನಡುವಿನಲ್ಲೇ ಇರುವ ರೇಸ್ ಪಿಸ್ಟನ್ ಆದ್ದರಿಂದ ಬಡಿತ ಇನ್ನೂ ಗಡುಸು. ಕಾರು ಕಾದ ಮೇಲೂ ಕಡಿಮೆ ಆರ್‌ಪಿಎಂನಲ್ಲಿ ಮೇಲ್ಸೇತುವೆ ಏರುವಾಗ ಸಣ್ಣಗೆ ಕೇಳಿಸುತ್ತದೆ.

ಒಬ್ಬ ಮೆಕ್ಯಾನಿಕ್ ಇದನ್ನು ಕೇಳಿ ಕನೆಕ್ಟಿಂಗ್ ರಾಡ್ ಬೇರಿಂಗ್ ಹೋಗಿದೆ, ಎಂಜಿನ್ ಬಿಚ್ಚೋಣ ಎಂದ. ಬಿಚ್ಚಬೇಕಾಗಿರಲಿಲ್ಲ. ಪಿಸ್ಟನ್ ಬಡಿತ ಕಾದಂತೆ ತಗ್ಗುತ್ತದೆ. ಬೇರಿಂಗ್ ಬಡಿತ ಆಯಿಲ್ ಕಾದು ತೆಳುವಾದಂತೆ ಹೆಚ್ಚುತ್ತದೆ. ಡೆಟೊನೇಶನ್ ಬಡಿತವನ್ನು ಗುರುತಿಸುವ ನಾಕ್ ಸೆನ್ಸರ್ ಇರುವ ಎಂಜಿನ್‌ಗಳಲ್ಲಾದರೆ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಕೂಡ ಹೀಗೆಯೇ ಮೋಸಹೋಗಿ, ಡೆಟೊನೇಶನ್ ಎಂದು ಭಾವಿಸಿ ಸ್ಪಾರ್ಕ್ ಟೈಮಿಂಗನ್ನು ಹಿಂದೆ ಸರಿಸುವುದುಂಟು.

ಸದ್ದಿಗೆ ಹೆದರಿ 2618ರ ಕ್ಲಿಯರೆನ್ಸ್ ಬಿಗಿ ಮಾಡಿಸುವವರಿದ್ದಾರೆ. ನನ್ನ ಮಟ್ಟಿಗೆ ಅದು ಶುದ್ಧ ಮೂರ್ಖತನ. ಬೆಳಗಿನ ನಾಲ್ಕು ನಿಮಿಷದ ಮೌನಕ್ಕಾಗಿ ಹೆದ್ದಾರಿಯಲ್ಲಿ ಪಿಸ್ಟನ್ ಸೀಜ್ ಆಗುವ ಅಪಾಯವನ್ನು ಕೊಂಡಂತೆ. ಅಳತೆಯಲ್ಲೂ ಎಚ್ಚರ ಬೇಕು. ಸ್ಕರ್ಟ್ (ರಿಂಗುಗಳ ಕೆಳಗಿನ ಪಿಸ್ಟನ್ ಭಾಗ) ನೋಡಲು ದುಂಡಗಿದ್ದರೂ ಅಂಡಾಕಾರದ್ದು, ಮೇಲಿನಿಂದ ಕೆಳಕ್ಕೆ ಪೀಪಾಯಿಯಂತೆ ಉಬ್ಬಿರುತ್ತದೆ. ತಯಾರಕರ ಚೀಟಿಯಲ್ಲಿ ಹೇಳಿದ ಎತ್ತರದಲ್ಲಿ, ಪಿನ್‌ಗೆ ಲಂಬವಾಗಿ ಮೈಕ್ರೋಮೀಟರ್ ಹಿಡಿಯಬೇಕು. ರಿಂಗುಗಳ ಕೆಳಗೇ ಹಿಡಿದರೆ ಪಿಸ್ಟನ್ ಚಿಕ್ಕದಾಗಿ ಕಂಡು, ಇಲ್ಲದ ಕ್ಲಿಯರೆನ್ಸ್ ಇದೆ ಎಂದು ತೋರುತ್ತದೆ. ಸ್ಕರ್ಟಿಗೆ ಕಪ್ಪು ಲೇಪನವಿದ್ದರೆ ಅದನ್ನು ಸೇರಿಸಿ ಅಳೆಯಬೇಕೇ ಎಂಬುದನ್ನೂ ಚೀಟಿಯಲ್ಲೇ ನೋಡಿಕೊಳ್ಳಬೇಕು.

ಹಾಗಿದ್ದರೆ 2618 ಏಕೆ ಬೇಕು? ಡೆಟೊನೇಶನ್ ಬಡಿದಾಗ 4032 ಬಿರುಕು ಬಿಡುವ ಕಡೆಗೆ ವಾಲುತ್ತದೆ, 2618 ತಗ್ಗಿ ಬಾಗಿ ತಡೆದುಕೊಳ್ಳುತ್ತದೆ. ಟರ್ಬೊ ಕಾರಿಗೆ ಈ ಗುಣ ಬೇಕೇ ಬೇಕು. ಬೆಲೆಯಾಗಿ ಅದರ ರಿಂಗ್ ಕೂರುವ ತೋಡು, ಸ್ಕರ್ಟ್ ಬೇಗ ಸವೆಯುತ್ತವೆ. ದಿನವೂ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಕಾರಿಗಂತೂ ಅದು ಹೊಂದುವುದಿಲ್ಲ. ಟರ್ಬೊ ಇಲ್ಲದೆ ಕಂಪ್ರೆಶನ್ ಏರಿಸಿಕೊಂಡು ವಾರವೆಲ್ಲ ಕಚೇರಿಗೆ, ಆಗೊಮ್ಮೆ ಈಗೊಮ್ಮೆ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಹೋಗುವವರಿಗೆ 4032 ಸಾಕು, ನಾನು ಬದಲಿಸುವುದಿಲ್ಲ.

ಗೆಳೆಯ 2618 ಉಳಿಸಿಕೊಂಡಿದ್ದಾನೆ. ನೀರಿನ ಮುಳ್ಳು ನಡುವಿಗೆ ಬಂದರೂ ಆಯಿಲ್ ಕಾಯಲು ಇನ್ನಷ್ಟು ಹೊತ್ತು ಬೇಕು. ಅಲ್ಲಿಯವರೆಗೆ ಅವನು ಮೂರು ಸಾವಿರ ಆರ್‌ಪಿಎಂ ದಾಟಿಸುವುದಿಲ್ಲ.