ಹಳ್ಳಕ್ಕೆ ಹರಿಯುವ ಗೊಬ್ಬರ ಅಳೆಯಲು ಯಾವುದು ಸರಿ? ಮೀಟರ್, ಪಟ್ಟಿ, ಹನಿ ಕಿಟ್, ಲ್ಯಾಬ್: ನಾಲ್ಕನ್ನೂ ಬಳಸಿ ನೋಡಿದೆ

ಮಂಡ್ಯದ ಹತ್ತಿರ ನಮ್ಮದು ಎರಡು ಎಕರೆ ಗದ್ದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರು. ಹೆಚ್ಚಾದದ್ದು ಬಸಿಗಾಲುವೆಗೆ ಇಳಿದು ಊರ ಕೆಳಗಿನ ಹಳ್ಳ ಸೇರುತ್ತದೆ. ನಾನು ಚಿಕ್ಕವನಿದ್ದಾಗ ದನ ತೊಳೆಯುತ್ತಿದ್ದ ಮಡುವಿನ ತುಂಬಾ ಈಗ ಪಾಚಿ, ಅಂತರಗಂಗೆ. ನಾವು ಹಾಕಿದ ಗೊಬ್ಬರ ಎಷ್ಟು ಅಲ್ಲಿಗೆ ಹೋಗುತ್ತಿದೆ ಅಂತ ತಿಳಿಯಲೇಬೇಕು ಅನ್ನಿಸಿತು. ಹೋದ ಮುಂಗಾರಿನಲ್ಲಿ ನಾಟಿಯಿಂದ ಕೊಯ್ಲಿನವರೆಗೂ ಅಳೆದೆ. ಪ್ರತಿ ಸಲವೂ ಎರಡು ಕಡೆ: ನಮ್ಮೂರ ಬಸಿನೀರು ಹಳ್ಳ ಸೇರುವ ಜಾಗಕ್ಕಿಂತ ಮೇಲೆ ಒಂದು, ಕೆಳಗೆ ಒಂದು. ಒಂದೇ ಕಡೆ ಅಳೆದರೆ ಗೊಬ್ಬರ ನಮ್ಮದೋ ಮೇಲಿನ ಊರಿನದೋ ಗೊತ್ತಾಗುವುದಿಲ್ಲ.

ಮೊದಲು ಹಿಡಿದದ್ದು ಟಿಡಿಎಸ್ ಮೀಟರ್. ಮನೆಯ ಫಿಲ್ಟರ್‌ಗೆ ಅಂತ ತಂದದ್ದು, ಅದ್ದಿದರೆ ಸಾಕು, ನಂಬರ್ ಬರುತ್ತದೆ. ಮೇಲುಗೊಬ್ಬರ ಹಾಕಿದ ಮರುದಿನ ಬಸಿಗಾಲುವೆಗೆ ಅದ್ದಿದೆ. ಹಿಂದಿನ ವಾರದ್ದೇ ನಂಬರ್. ಪಕ್ಕದಲ್ಲಿದ್ದ ಚಿಕ್ಕಪ್ಪ, "ಮೂಟೆಗಟ್ಲೆ ಯೂರಿಯಾ ಚೆಲ್ಲಿದೀವಿ, ಅದಕ್ಕೆ ಕಾಣಕ್ಕಿಲ್ವೇನ್ಲಾ ಮಗ?" ಅಂದರು. ಸರಿಯಾದ ಪ್ರಶ್ನೆ. ಮನೆಗೆ ಬಂದು ಒಂದು ಲೋಟ ನೀರಿಗೆ ಚಿಟಿಕೆ ಉಪ್ಪು, ಇನ್ನೊಂದಕ್ಕೆ ಚಿಟಿಕೆ ಯೂರಿಯಾ ಹಾಕಿದೆ. ಉಪ್ಪಿಗೆ ಮೀಟರ್ ಜಿಗಿಯಿತು, ಯೂರಿಯಾಕ್ಕೆ ಅಲುಗಾಡಲೇ ಇಲ್ಲ ಅನ್ನಬಹುದು. ಮೀಟರ್ ನೋಡುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ. ಉಪ್ಪು ಕರಗಿದರೆ ಕರೆಂಟ್ ಹರಿಯುತ್ತದೆ, ಯೂರಿಯಾ ಕರಗಿದರೆ ಇಲ್ಲ. ಹಾಗಾಗಿ ಗೊಬ್ಬರ ಹುಡುಕಲು ಈ ಮೀಟರ್ ನಂಬಬೇಡಿ.

ಎರಡನೆಯದು ನೈಟ್ರೇಟ್ ಪಟ್ಟಿ. ಗೊಬ್ಬರದ ಸಾರಜನಕ ನೀರಿಗೆ ಸೇರುವ ಒಂದು ರೂಪ ನೈಟ್ರೇಟ್. ಅದ್ದಿ ಒಂದು ನಿಮಿಷ ಕಾದರೆ ಗುಲಾಬಿ ಬಣ್ಣ ಬರುತ್ತದೆ, ಡಬ್ಬಿಯ ಮೇಲಿನ ಬಣ್ಣಕ್ಕೆ ಹೋಲಿಸಬೇಕು. ನೆರಳಲ್ಲಿ ನೋಡಿದರೆ ಒಂದು, ಬಿಸಿಲಲ್ಲಿ ಇನ್ನೊಂದು. ಮೆಟ್ಟಿಲುಗಳೂ ದೂರ ದೂರ: ಹತ್ತಾದ ಮೇಲೆ ಇಪ್ಪತ್ತೈದು, ಆಮೇಲೆ ಐವತ್ತು. ಕುಡಿಯುವ ನೀರಲ್ಲಿ ನೈಟ್ರೇಟ್‌ಗೆ ನಮ್ಮ ದೇಶದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕಬ್ಬಿನ ಹೊಲದ ಕಡೆಯ ಬೋರ್‌ವೆಲ್ ನೀರಿಗೆ ಈ ಪಟ್ಟಿ ಚೆನ್ನಾಗಿ ಕೆಲಸ ಮಾಡಿತು. ಆದರೆ ನಿಂತ ನೀರಿನ ಗದ್ದೆಯ ಕಥೆಯೇ ಬೇರೆ, ಅಲ್ಲಿ ಮಣ್ಣಿಗೆ ಗಾಳಿ ಸಿಗಲ್ಲ, ಯೂರಿಯಾ ಅಮೋನಿಯಾ ಆಗುತ್ತದೆ, ಅದು ನೈಟ್ರೇಟ್ ಆಗಲು ಗಾಳಿ ಬೇಕು, ಹಾಗಾಗಿ ಬಹುಪಾಲು ಅಲ್ಲಿಗೇ ನಿಂತುಬಿಡುತ್ತದೆ. ಪಟ್ಟಿ ಬೆಳ್ಳಗೇ ಇತ್ತು ಅಂತ ನಾನು ಎರಡು ವಾರ ಸುಮ್ನೆ ಸಮಾಧಾನ ಪಟ್ಟುಕೊಂಡಿದ್ದೆ.

ಕಣ್ಣು ತೆರೆಸಿದ್ದು ಹನಿ ಕಿಟ್. ಅಕ್ವೇರಿಯಂ ಅಂಗಡಿಯಲ್ಲಿ ಸಿಗುತ್ತದಲ್ವಾ, ನೀರಿಗೆ ಹನಿ ಹಾಕಿ ಬಣ್ಣ ನೋಡುವುದು, ಅದೇ. ಅಮೋನಿಯಾಕ್ಕೆ ಒಂದು, ಫಾಸ್ಫೇಟ್‌ಗೆ ಒಂದು. ಮೇಲುಗೊಬ್ಬರ ಹಾಕಿದ ಎರಡನೇ ದಿನ ಮೇಲಿನ ಜಾಗದ ನೀರು ಹಳದಿಯಾಗೇ ಉಳಿಯಿತು, ಕೆಳಗಿನದು ಕಡು ಹಸಿರು. ಅಮೋನಿಯಾ ಜಾಸ್ತಿಯಾದಷ್ಟೂ ಹಸಿರು ಗಾಢ. ಪಟ್ಟಿ ಏನೂ ತೋರಿಸದ ಅದೇ ನೀರು! ಇದರ ತಾಪತ್ರಯ ಇಷ್ಟೇ: ಹನಿ ಎಣಿಸಬೇಕು, ಚೆನ್ನಾಗಿ ಅಲ್ಲಾಡಿಸಬೇಕು, ಹೊತ್ತು ನೋಡಿ ಕಾಯಬೇಕು. ಕೆಸರು ನೀರಾದರೆ ಬಣ್ಣವೇ ತಿಳಿಯುವುದಿಲ್ಲ, ಸೋಸಬೇಕು.

ಆದರೆ ಸೋಸಿದರೆ ಫಾಸ್ಫೇಟ್ ಲೆಕ್ಕ ತಪ್ಪುತ್ತದೆ. ಡಿಎಪಿ ಗೊಬ್ಬರದ ರಂಜಕ (ಫಾಸ್ಫರಸ್, ಫಾಸ್ಫೇಟ್ ಅದರದೇ ರೂಪ) ಮಣ್ಣಿಗೆ ಅಂಟಿಕೊಳ್ಳುತ್ತದೆ, ಮಳೆಗೆ ಮಣ್ಣು ಕೊಚ್ಚಿ ಹೋದರೆ ಅದರ ಜೊತೆಗೇ ಹೋಗುತ್ತದೆ. ಸೋಸುವಾಗ ಅದನ್ನೇ ಎಸೆದ ಹಾಗಾಯಿತು. ಇಲ್ಲಿ ಮಾತ್ರ ಲ್ಯಾಬ್ ಬೇಕೇ ಬೇಕು. ಕೇಳುವಾಗ "ಒಟ್ಟು ರಂಜಕ" ಅಂತ ಕೇಳಿ. ಆಗ ಅವರು ಆಸಿಡ್ ಹಾಕಿ ಕುದಿಸಿ, ಮಣ್ಣಿಗೆ ಅಂಟಿದ್ದನ್ನೂ ಸೇರಿಸಿ ಅಳೆಯುತ್ತಾರೆ.

ಲ್ಯಾಬ್ ನಿಖರ, ಆದರೆ ದುಬಾರಿ, ನಿಧಾನ. ಬಾಟಲಿಯನ್ನು ಹಳ್ಳದ ನೀರಲ್ಲೇ ಮೂರು ಸಲ ತೊಳೆದು, ಹರಿಯುವ ಜಾಗದಲ್ಲಿ ತುಂಬಿಸಿ, ಐಸ್ ಜೊತೆ ಒಯ್ಯಬೇಕು. ನಾನು ಕೊಟ್ಟ ಕಡೆ ಬೋರ್‌ವೆಲ್ ನೀರಿನ ಒಂದು ವರದಿಯಲ್ಲಿ ನೈಟ್ರೇಟ್ 9 ಅಂತ ಬಂತು. ಖುಷಿಪಟ್ಟೆ. ಆಮೇಲೆ ಫೋನ್ ಮಾಡಿ ಕೇಳಿದರೆ ಅದು ಬರೀ ಸಾರಜನಕದ ಲೆಕ್ಕ. ನೈಟ್ರೇಟ್ ಲೆಕ್ಕಕ್ಕೆ 4.43ರಿಂದ ಗುಣಿಸಬೇಕು, ಅಂದರೆ ಸುಮಾರು 40. ಮಿತಿಯ ಅಂಚಿಗೇ ಬಂದಿದೆ! ವರದಿಯಲ್ಲಿ ಅದನ್ನು ಬರೆದೇ ಇರಲಿಲ್ಲ. ಯಾವ ಲೆಕ್ಕ ಅಂತ ಕೇಳದೆ ಯಾವ ವರದಿಯನ್ನೂ ಓದಬೇಡಿ.

ನನ್ನ ಆಯ್ಕೆ ಹನಿ ಕಿಟ್. ವಾರಕ್ಕೊಮ್ಮೆ, ಮತ್ತೆ ಗೊಬ್ಬರ ಹಾಕಿದ ಮೇಲೆ ಬರುವ ಮೊದಲ ದೊಡ್ಡ ಮಳೆಗೆ ತಪ್ಪದೆ. ಜಾಸ್ತಿ ಹರಿದು ಹೋಗುವುದು ಆವಾಗಲೇ, ಆ ದಿನ ತಪ್ಪಿದರೆ ಎಷ್ಟು ನಿಖರವಾದ ಲ್ಯಾಬ್ ಇದ್ದರೂ ಪ್ರಯೋಜನವಿಲ್ಲ. ಲ್ಯಾಬಿಗೆ ಬೆಳೆಗೆ ಎರಡು ಸಲ ಕೊಡುತ್ತೇನೆ.

ಎರಡನೇ ಮೇಲುಗೊಬ್ಬರಕ್ಕೆ ಚಿಕ್ಕಪ್ಪನೇ ಮುಂದೆ ನಿಂತು ಗದ್ದೆಯ ನೀರು ಇಳಿಸಿ, ಯೂರಿಯಾ ಹಾಕಿ, ಬದುವಿನ ಬಾಯಿಗೆ ಮಣ್ಣು ಮೆತ್ತಿಸಿ ಒಂದು ವಾರ ಕಟ್ಟಿಸಿದರು. ಎರಡನೇ ದಿನ ನಮ್ಮ ಗದ್ದೆ ಪಕ್ಕದ ಬಸಿಗಾಲುವೆಯ ನೀರಿಗೆ ಹನಿ ಹಾಕಿ ಇಬ್ಬರೂ ಬಿಸಿಲಿಗೆ ಹಿಡಿದು ನೋಡಿದೆವು. ತಿಳಿ ಹಸಿರು, ಹೋದ ಸಲದ ಕಡು ಹಸಿರು ಇರಲಿಲ್ಲ.