ಕ್ಯಾತ್ಸಂದ್ರದ ತಟ್ಟೆ ಇಡ್ಲಿ: ಡೆಲಿಷಸ್ ಅನ್ನೋದು ಯಾವುದಕ್ಕೆ?

ತುಮಕೂರಿನ ಬಟವಾಡಿಯಲ್ಲಿ ನಾನು ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಮಾಡುತ್ತೇನೆ. ತಿಂಡಿ ಬಗ್ಗೆ ನಾಲ್ಕು ಸಾಲು ಬರೆಯಿರಿ ಅಂದರೆ ಎಲ್ಲರ ನೋಟ್‌ಬುಕ್ಕಿನಲ್ಲೂ ಒಂದೇ ಮಾತು, 'ವೆರಿ ಡೆಲಿಷಸ್'. ಅದಕ್ಕೇ ಹೋದ ಭಾನುವಾರ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನೋಕೆ ಹೋದಾಗ ಮಗಳಿಗೆ ಹೇಳಿದೆ: "ಇವತ್ತು ಆ ಪದ ಒಂದೇ ಸಲ ಹೇಳಬೇಕು. ಯಾವುದಕ್ಕೆ ಅಂತ ತಿಂದು ನೋಡಿ ನೀನೇ ಹೇಳು."

ಸಿದ್ಧಗಂಗಾ ಮಠದ ಕಡೆ ಹೋಗುವ ದಾರಿಯಲ್ಲಿರುವ ಚಿಕ್ಕ ಹೋಟೆಲ್. ಆರೇ ಟೇಬಲ್. ಬೆಳಗ್ಗೆ ಏಳೂವರೆಗೇ ನಿಂತು ಕಾಯಬೇಕಾಯಿತು. ಆದರೆ ನಿಂತಲ್ಲಿಂದಲೇ ಒಲೆ ಕಾಣುತ್ತದೆ. ಸ್ಟ್ಯಾಂಡ್ ಮೇಲೆತ್ತಿದರೆ ಗುಪ್ ಅಂತ ಹಬೆ. ಒಂದೊಂದೇ ತಟ್ಟೆ ತೆಗೆದು, ಅಂಚಿಗೆ ಚಮಚ ಹಾಕಿ ಸುತ್ತ ಬಿಡಿಸಿ ಎಲೆ ಮೇಲೆ ಮಗುಚುತ್ತಾರೆ. "ಅಕ್ಕಿ, ಉದ್ದಿನ ಜೊತೆ ಸ್ವಲ್ಪ ಸಬ್ಬಕ್ಕಿ ನೆನೆಹಾಕ್ತೀವಿ ಅಕ್ಕ" ಅಂದರು ಭಟ್ಟರು. ಬೆರಳಲ್ಲಿ ಒತ್ತಿದರೆ ತಗ್ಗಿ, ಬಿಟ್ಟರೆ ಮತ್ತೆ ಮೇಲೆ ಬರುತ್ತದೆ. ಮುರಿದರೆ ಒಳಗೆಲ್ಲ ಸಣ್ಣ ಸಣ್ಣ ತೂತು. ಮೇಲಿಟ್ಟ ಬೆಣ್ಣೆ ಕರಗಿ ಆ ತೂತುಗಳೊಳಗೆ ಇಳಿಯುತ್ತದೆ. ಹುಳಿ ಹದವಾಗಿದೆ.

ಕಾಯುವಾಗ ಮಗಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಡೆಲಿಷಸ್ ಅಂದರೇ ತುಂಬಾ ರುಚಿ. 'ತುಂಬಾ' ಅದರೊಳಗೇ ಇದೆ, ವೆರಿ ಬೇಕಾಗೋದಿಲ್ಲ. 'ವೆರಿ ಟೇಸ್ಟಿ' ಅನ್ನಿ, ಸರಿಯಾಗಿ ಕೂರುತ್ತದೆ. ಡೆಲಿಷಸ್‌ಗೆ ಇನ್ನೂ ಒತ್ತು ಕೊಡಬೇಕು ಅನಿಸಿದರೆ 'ಆಬ್ಸಲ್ಯೂಟ್ಲಿ' ಇದೆ. ಮಕ್ಕಳು ಜಾಸ್ತಿ ಎಡವುವುದು ಇನ್ನೊಂದು ಕಡೆ. 'ಇಟ್ ಟೇಸ್ಟ್ಸ್ ಡೆಲಿಷಸ್ಲಿ' ಅಂತ ಬರೆಯುತ್ತಾರೆ. ನಾವು 'ರುಚಿಯಾಗಿದೆ' ಅಂತ 'ಆಗಿ' ಸೇರಿಸಿ ಹೇಳುತ್ತೇವಲ್ವಾ, ಅದೇ ರೂಢಿಯಲ್ಲಿ ಅಲ್ಲೂ ಒಂದು 'ಲಿ' ಸೇರಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಬರಿ 'ಟೇಸ್ಟ್ಸ್ ಡೆಲಿಷಸ್'. ಇನ್ನು 'ಟೇಸ್ಟ್‌ಫುಲ್' ಊಟಕ್ಕಲ್ಲ. ಅದು ಒಳ್ಳೆ ಅಭಿರುಚಿಯಿಂದ ಆರಿಸಿದ ಸೀರೆಗೆ, ಮನೆಯ ಅಲಂಕಾರಕ್ಕೆ ಹೇಳುವ ಮಾತು.

ಸಾಗು ನನಗೆ ಹಿಡಿಸಲಿಲ್ಲ. ನೀರುನೀರು, ಉಪ್ಪೂ ಕಡಿಮೆ. ವಡೆ ಗರಿಗರಿ. ಕಾಫಿ ಪರವಾಗಿಲ್ಲ.

ಇಡ್ಲಿಗೇ ಡೆಲಿಷಸ್ ಸಿಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ಮಗಳು ಎರಡನೇ ಇಡ್ಲಿಯ ಕೊನೆಯ ತುಂಡಿನಲ್ಲಿ ಎಲೆ ಮೇಲಿದ್ದ ಚಟ್ನಿಯನ್ನೆಲ್ಲ ಬಳಿದು ಬಾಯಿಗಿಟ್ಟುಕೊಂಡು, "ದಿ ಚಟ್ನಿ ಈಸ್ ಡೆಲಿಷಸ್" ಅಂದಳು. "ಯಾಕೆ, ಇಡ್ಲಿ?" ಅಂದೆ. "ಇಡ್ಲಿ ಮೆತ್ತಗಿದೆ ಅಮ್ಮ. ರುಚಿ ಇರೋದು ಚಟ್ನಿಲಿ." ಅವಳು ಹೇಳಿದ್ದು ಸರಿ. ಹಸಿ ಕಾಯಿ, ಹುರಿಗಡಲೆ, ಹಸಿಮೆಣಸಿನಕಾಯಿ, ಮೇಲೆ ಕರಿಬೇವಿನ ಒಗ್ಗರಣೆ. ಖಾರ ಮೊದಲು ಗೊತ್ತಾಗುವುದೇ ಇಲ್ಲ, ನುಂಗಿದ ಮೇಲೆ ಗಂಟಲಲ್ಲಿ ಸಣ್ಣಗೆ ಹತ್ತುತ್ತದೆ. ಇಡ್ಲಿಗೆ ಹೇಳಬೇಕಾದ ಪದ 'ಸಾಫ್ಟ್', ಅದು ಯಾವ ರೀತಿಯಲ್ಲೂ ಕಡಿಮೆ ಹೊಗಳಿಕೆಯಲ್ಲ.

ಇಬ್ಬರಿಗೂ ಸೇರಿ 150 ರೂಪಾಯಿ ಆಯಿತು. ಹೋಗುವುದಾದರೆ ಎಂಟರ ಒಳಗೆ ಹೋಗಿ. ಹಿಂದೆ ಒಮ್ಮೆ ಒಂಬತ್ತೂವರೆಗೆ ಹೋಗಿದ್ದೆ, ಚಟ್ನಿಗೆ ನೀರು ಸೇರಿತ್ತು.